ಬೈಸಿಕೊಳ್ಳಲು ಹೊರಟ ಶಿವಮಲ್ಲಮ್ಮ

ಗಣೇಶ ಚೌತಿಯ ಸಂಜೆ ತಾಳವಾಡಿ ಬೆಟ್ಟದ ಬಿದಿರಪುರದಲ್ಲಿ ಯಾರೂ ತಲೆ ಎತ್ತಿ ನಡೆಯುವುದಿಲ್ಲ. ಚಾಮರಾಜನಗರದಿಂದ ಏಳು ಗಂಟೆಗೆ ಬರುವ ಬಸ್ಸು ಇಳಿದವರು ಟವೆಲನ್ನೋ ಸೆರಗನ್ನೋ, ಎರಡೂ ಇಲ್ಲದವರು ತರಕಾರಿ ಚೀಲವನ್ನೋ ತಲೆಯ ಮೇಲೆ ಹಾಕಿಕೊಂಡು ನೆಲ ನೋಡುತ್ತಾ ಮನೆ ಸೇರುತ್ತಾರೆ. ಈ ದಾರಿಗೆ ಹೊಸದಾಗಿ ಬಂದಿದ್ದ ಕಂಡಕ್ಟರೊಬ್ಬ, ಊರಲ್ಲಿ ದೊಡ್ಡವರು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಸೀಟಿ ಊದದೆ, ಮೆಲ್ಲಗೆ ಬಾಗಿಲು ತಟ್ಟಿ ಬಸ್ಸು ಹೊರಡಿಸಿದ್ದ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ಕಡುಬು ತಿಂದ ಗಣಪ ಜಾರಿ ಬಿದ್ದ, ಹೊಟ್ಟೆ ಒಡೆಯಿತು, ಹಾವನ್ನು ಬಿಗಿದು ಕಟ್ಟಿಕೊಂಡ, ಮೇಲಿದ್ದ ಚಂದ್ರ ನಕ್ಕ. ಆ ದಿನ ಚಂದ್ರನನ್ನು ನೋಡಿದವರ ಮೇಲೆ ವರ್ಷದೊಳಗೆ ಸುಳ್ಳು ಅಪವಾದ ಬರುತ್ತದೆ ಎಂಬುದು ಶಾಪ. ಬೇರೆ ಕಡೆ ಇದಕ್ಕೆ ಪರಿಹಾರವಾಗಿ ಪುರಾಣದ ಕಥೆ ಕೇಳಿ ತಲೆಗೆ ಅಕ್ಷತೆ ಹಾಕಿಕೊಳ್ಳುತ್ತಾರೆ. ಬಿದಿರಪುರದವರಿಗೆ ಅಷ್ಟು ಹೊತ್ತು ಕೂತು ಕೇಳುವ ತಾಳ್ಮೆ ಇಲ್ಲ. ಇಲ್ಲಿ ಚಂದ್ರನನ್ನು ನೋಡಿದವರು ಅಂದೇ, ಚಂದ್ರ ಮುಳುಗುವುದರೊಳಗೆ, ಯಾರದಾದರೂ ಸೂರಿನ ಮೇಲೆ ಕಲ್ಲೆಸೆದು ಅಡಗಿಕೊಳ್ಳಬೇಕು. ಮನೆಯವರು ಹೊರಗೆ ಬಂದು ಬೈಯಬೇಕು. ಮುಂದೆ ಬರಬೇಕಾಗಿದ್ದ ಅಪವಾದವೆಲ್ಲ ಆ ಬೈಗುಳದಲ್ಲೇ ತೀರಿಹೋಗುತ್ತದೆ. ಕಲ್ಲು ನಿಂಬೆಹಣ್ಣಿಗಿಂತ ದೊಡ್ಡದಿರಬಾರದು. ಬೈಗುಳ ಬರುವವರೆಗೂ ಎಸೆದವರು ಬಾಯಿ ತೆರೆಯಬಾರದು. ಬೈಯುವವರು ಎಸೆದವರ ಹೆಸರು ಎತ್ತಬಾರದು. ಹೆಸರು ಬಂತೆಂದರೆ ಅದು ಔಷಧಿಯಲ್ಲ, ಜಗಳ.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ಊರಿನ ಶಾಲೆಗೆ ತಮಿಳು ಸೀಮೆಯ ಕರೂರಿನಿಂದ ಬಂದ ಪರಿಮಳ ಟೀಚರು ಮೊದಲ ವರ್ಷ ಬಾಡಿಗೆ ಮನೆಯ ಮೇಲೆ ಕಲ್ಲು ಬಿದ್ದ ಕೂಡಲೇ ಠಾಣೆಗೆ ಫೋನ್ ಮಾಡಿದ್ದರು. ಫೋನ್ ಎತ್ತಿದ ಪೇದೆ ಈ ಬೆಟ್ಟದವನೇ. ಎಲ್ಲವನ್ನೂ ಕೇಳಿಸಿಕೊಂಡು, "ಈಚೆ ಬಂದು ಚೆನ್ನಾಗಿ ಬೈದ್ಬುಡಿ ಟೀಚರೇ. ಪಾಪ, ಯಾರೋ ಕಾಯ್ತಾ ನಿಂತಿರ್ತಾರೆ" ಎಂದನಂತೆ.

ಬಿದ್ದದ್ದು ಗಣಪ, ನಕ್ಕದ್ದು ಚಂದ್ರ, ಕಲ್ಲು ಮಾತ್ರ ಐವತ್ತು ವರ್ಷಗಳಿಂದ ಹೆಚ್ಚಾಗಿ ಬೀಳುತ್ತಿದ್ದದ್ದು ಮೇಲಿನ ಬೀದಿಯ ಶಿವಮಲ್ಲಮ್ಮನ ಹೆಂಚಿನ ಮೇಲೆ.

ಹಾಸನೂರಿನ ಕಡೆಯ ಶಿವಮಲ್ಲಮ್ಮ ಹತ್ತೊಂಬತ್ತರಲ್ಲಿ ಚಿಕ್ಕಬಸಪ್ಪನ ಹೆಂಡತಿಯಾಗಿ ಇಲ್ಲಿಗೆ ಬಂದಳು. ಅವಳ ತೌರಲ್ಲಿ ಈ ಪದ್ಧತಿ ಇರಲಿಲ್ಲ. ಹೊಸ ಸೊಸೆಯ ಗುಣ ನೋಡಬೇಕೆಂದು ಅತ್ತೆ ಪುಟ್ಟಬಸಮ್ಮ ಬೇಕೆಂದೇ ಹೇಳಿರಲಿಲ್ಲ. ಮೊದಲ ಚೌತಿಯಂದು ಹೆಂಚಿನ ಮೇಲೆ ಕಲ್ಲು ಬಿದ್ದಾಗ, ಮದುವೆಯ ಬಳೆ ಇನ್ನೂ ಕೈಯಲ್ಲಿದ್ದ ಹುಡುಗಿ ಜಗಲಿಗೆ ಬಂದು ನಿಂತು ಬಾಯಿ ತೆರೆದಳು. ಕಾಲು ಗಂಟೆ ಮುಚ್ಚಲಿಲ್ಲ. ಒಂದೇ ಬೈಗುಳ ಎರಡು ಸಲ ಬರಲಿಲ್ಲ. ಬೀದಿಯವರು ಅಡುಗೆ ಬಿಟ್ಟು ಹೊರಗೆ ಬಂದು ಕೇಳಿದರು. ಕೊನೆಗೆ ಕೊಟ್ಟಿಗೆಯ ಹಿಂದಿನಿಂದ ಒಂದು ದನಿ, "ಸಾಕು ಕಣವ್ವ, ವಾಸಿಯಾಯ್ತು, ನಿನ್ನ ಒಟ್ಟೆ ತಣ್ಣಗಿರ್ಲಿ" ಎಂದಿತು. ಪುಟ್ಟಬಸಮ್ಮ ಮರುದಿನದಿಂದ ಸೊಸೆಯೊಂದಿಗೆ ಎಚ್ಚರಿಕೆಯಿಂದ ಮಾತಾಡತೊಡಗಿದಳು.

ಶಿವಮಲ್ಲಮ್ಮನ ಬೈಗುಳದಲ್ಲಿ ಹೊಲಸು ಮಾತಿಲ್ಲ, ಸಾವಿಲ್ಲ. ಇರುವುದೆಲ್ಲ ನಾಳೆಯೇ ನಡೆಯಬಹುದಾದದ್ದು. "ಯಾವನ್ಲಾ ಅವನು? ನಿನ್ನ ಜೋಳ ತೆನೆ ಬುಡದೆ ಬರೀ ಸೊಪ್ಪಾಗ್ಲಿ ಕಣ್ಲಾ! ಆ ಸೊಪ್ಪೂವೆ ಅಂದಿ ತುಳ್ದಾಕ್ಲಿ! ನೀ ಅತ್ತಿದ ಬಸ್ಸು ದಿಂಬಂ ಘಾಟಿ ತಿರುವಲ್ಲಿ ಕೆಟ್ಟು ನಿಲ್ಲಿ, ಪಕ್ಕದಲ್ಲಿ ಕೂತೋನು ನಿನ್ನ ತೊಡೆ ಮ್ಯಾಲೇ ವಾಂತಿ ಮಾಡ್ಲಿ! ನೀ ಮಾತಾಡ್ಬೇಕು ಅಂದಾಗೆಲ್ಲ ಫೋನ್ ಚಾರ್ಜು ಸತ್ತೋಗ್ಲಿ, ನಿನ್ನ ಬಾವ ಮಾತ್ರ ಯಾವಾಗ್ಲೂ ಸಿಕ್ಲಿ!" ಕಾಲಕ್ಕೆ ತಕ್ಕಂತೆ ಅವಳು ಬೈಗುಳವನ್ನು ಹೊಸದು ಮಾಡಿಕೊಳ್ಳುತ್ತಿದ್ದುದರಿಂದ ಅದರ ಕಸುವು ಕಡಿಮೆಯಾಗಲಿಲ್ಲ. ಗೆಟ್ಟವಾಡಿಯಿಂದ, ಪಣಕಹಳ್ಳಿಯಿಂದ ಬೈಕು ಹತ್ತಿ ಬಂದು ಕಲ್ಲೆಸೆದು ಹೋಗುವವರಿದ್ದರು. ಮಗ ಚನ್ನಬಸವ ಚೌತಿಗೆ ಮೊದಲೇ ಮೂವತ್ತು ಹೆಂಚು ತಂದು ಕೊಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದ. ಚಿಕ್ಕಬಸಪ್ಪ ಮಾತ್ರ ಚೌತಿಯ ಚಂದ್ರನನ್ನು ಧೈರ್ಯವಾಗಿ ನೋಡುತ್ತಿದ್ದ. "ನಂಗೆ ವರ್ಸ ಪೂರ್ತಿ ಔಸ್ತಿ ಒಳಕ್ಕೆ ಓಯ್ತಾ ಅದೆ" ಎಂಬುದು ಅವನ ಲೆಕ್ಕ.

ಪಕ್ಕದ ಮನೆಯ ಪುಟ್ಟಗೌರಮ್ಮ ಶಿವಮಲ್ಲಮ್ಮನಿಗೆ ಪೂರಾ ತದ್ವಿರುದ್ಧ. ಅವಳೂ ಅದೇ ವರ್ಷ ಮದುವೆಯಾಗಿ ಬಂದವಳು. ಅವಳ ಬಾಯಿಂದ ಬಂದ ಅತಿ ಕೆಟ್ಟ ಮಾತೆಂದರೆ "ಹಾಳಾದ್ದು", ಅದೂ ಹಾಲು ಉಕ್ಕಿದಾಗ. ಅವಳ ಸೂರಿನ ಮೇಲೆ ಯಾರೂ ಕಲ್ಲೆಸೆದವರಲ್ಲ, ಕಲ್ಲು ದಂಡ. ಚೌತಿಯ ಸಂಜೆ ಅವಳು ಚೊಂಬಿನಲ್ಲಿ ಮಜ್ಜಿಗೆ ಹಿಡಿದು ಶಿವಮಲ್ಲಮ್ಮನ ಪಕ್ಕ ಕೂತಿರುತ್ತಿದ್ದಳು. ಗಂಟಲು ಒಣಗಿದಾಗ ಒಂದು ಲೋಟ, ಮತ್ತೆ ಬೈಗುಳ. ನಲವತ್ತೆಂಟು ವರ್ಷ ಹೀಗೆ ನಡೆಯಿತು.

ನಲವತ್ತೊಂಬತ್ತನೆಯ ಚೌತಿಯಂದು ಶಿವಮಲ್ಲಮ್ಮ ಕಲ್ಲು ಬಂದ ದಿಕ್ಕು ನೋಡಲು ತಲೆ ಎತ್ತಿದಳು. ಮೋಡ ಸರಿದಿತ್ತು. ಪಡುವಣ ದಿಕ್ಕಿನಲ್ಲಿ, ನುಗ್ಗೆಮರದ ಮೇಲೆ ಚಂದ್ರ ಕುಡುಗೋಲಿನಂತೆ ನಿಂತಿದ್ದ.

"ನೋಡ್ಬುಟ್ಟಾ?" ಎಂದಳು ಪುಟ್ಟಗೌರಮ್ಮ ಗಾಬರಿಯಾಗಿ.

"ನೋಡ್ದೆ. ನನ್ ಮ್ಯಾಲೆ ಅಪವಾದ ಒರ್ಸೋ ಗಂಡ್ಸು ಈ ಬೆಟ್ಟದಲ್ಲಿ ಉಟ್ಟಿಲ್ಲ ಸುಮ್ನಿರಮ್ಮಿ."

ಆ ಲೆಕ್ಕ ಸರಿಯಾಗಿಯೇ ಇತ್ತು. ಅಪವಾದ ಗಂಡಸರಿಂದ ಬರಲಿಲ್ಲ. ಎರಡು ತಿಂಗಳಿಗೆ, ಕೊಯಮತ್ತೂರಿನಿಂದ ಬಂದ ಒಬ್ಬ ಹೆಂಗಸಿನಿಂದ ಬಂತು.

ಪುಟ್ಟಗೌರಮ್ಮನ ಮೊಮ್ಮಗಳು ಮಂಗಳಗೌರಿ ತಾಳವಾಡಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳನ್ನು ನೋಡಲು ಬಂದ ಗಂಡಿನ ತಾಯಿ ದಾರಿ ತಪ್ಪಿ ಮೊದಲು ಶಿವಮಲ್ಲಮ್ಮನ ಜಗಲಿ ಹತ್ತಿದರು. ನೀರು ಕುಡಿದರು. ಎಲ್ಲರೂ ಮಾಡುವಂತೆ, "ಪಕ್ಕದ ಮನೆ ಹುಡುಗಿ ಹೇಗೆ?" ಎಂದು ಮೆಲ್ಲಗೆ ಕೇಳಿದರು.

ಶಿವಮಲ್ಲಮ್ಮನಿಗೆ ಆ ಹುಡುಗಿಯೆಂದರೆ ಪ್ರಾಣ. ಆದ್ದರಿಂದ ಹೀಗೆಂದಳು: "ಅದಾ? ಮೊಕ ನೋಡುದ್ರೆ ಥೇಟ್ ಕೋತಿ. ಬಗ್ಗಿ ಒಂದು ಕಡ್ಡಿ ಎತ್ತಲ್ಲ. ಉಂಬಕೆ ಕರೆದ್ರೆ ಮಾತ್ರ ಎಲ್ಲಾರ್ಗಿಂತ ಮುಂದೆ. ನಮ್ಮ ಬೀದಿಗೆ ಅದೊಂದು ಸನಿ ಕಣವ್ವ."

ಈ ಬೆಟ್ಟದಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಲ್ಲಿ ಕೂಸನ್ನು ಮುದ್ದಾಗಿದೆ ಎಂದರೆ ಅಜ್ಜಿ ಮೂರು ಸಲ ಉಗಿದು, ಕೂಸನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ಒಯ್ಯುತ್ತಾಳೆ. ದೃಷ್ಟಿಯಾಗುತ್ತದೆ. ಮಗು ನಿಜಕ್ಕೂ ಮುದ್ದಾಗಿದ್ದರೆ ಕಪ್ಪೆ ಎನ್ನಬೇಕು, ತುಂಬಾ ಮುದ್ದಾಗಿದ್ದರೆ ಕೋತಿ. ಇಲ್ಲಿ ಬೆಳೆದ ಹೆಣ್ಣುಮಕ್ಕಳೆಲ್ಲ ಹಬ್ಬಕ್ಕೆ ಹೊಸ ಲಂಗ ತೊಟ್ಟು ಬೀದಿಗೆ ಬಂದು, ಮನೆಮನೆಯಲ್ಲೂ "ಥೂ, ಏನ್ ಗೂಬೆ ಇದ್ದಂಗಿದೀಯೆ" ಎಂದು ಅನ್ನಿಸಿಕೊಂಡು ಹಿಗ್ಗಿದವರೇ.

ಗಂಡಿನ ತಾಯಿ ಮನೆಯಲ್ಲಿ ಕನ್ನಡ ಆಡುವವರಾದರೂ ಹುಟ್ಟಿದ್ದು, ಬೆಳೆದದ್ದು ಕೊಯಮತ್ತೂರಿನಲ್ಲಿ. ಅವರು ಲೋಟ ಕೆಳಗಿಟ್ಟು, ಪಕ್ಕದ ಮನೆಗೆ ಹೋಗದೆ, ಬಂದ ಕಾರನ್ನು ಹಾಗೆಯೇ ತಿರುಗಿಸಿಕೊಂಡು ಹೋದರು. ಪುಟ್ಟಗೌರಮ್ಮ ಹನ್ನೆರಡು ಜನಕ್ಕೆಂದು ಮಾಡಿದ್ದ ಕೇಸರಿಬಾತು ಬೀದಿಯ ಪಾಲಾಯಿತು. ಮೂರು ದಿನದ ಮೇಲೆ ಮದುವೆ ದಲ್ಲಾಳಿ ಫೋನಿನಲ್ಲಿ, "ಪಕ್ಕದ ಮನೆಯೋರೇ ಹಿಂಗಂದ್ರಂತೆ" ಎಂದು ಒಂದಕ್ಷರ ಬಿಡದೆ ಒಪ್ಪಿಸಿದ. ಶಿವಮಲ್ಲಮ್ಮನ ಮೊಮ್ಮಗಳು ಶಿವರಂಜನಿಗೂ ಮದುವೆಯಾಗಿರಲಿಲ್ಲ. ಬೀದಿ ಅದನ್ನೂ ಇದನ್ನೂ ಕೂಡಿಸಿ, ಹೊಟ್ಟೆಕಿಚ್ಚು ಎಂದು ಮೊತ್ತ ತೆಗೆಯಿತು.

ಪುಟ್ಟಗೌರಮ್ಮ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಅವಳು ಮಾತು ನಿಲ್ಲಿಸಿದಳು. ಶಿವಮಲ್ಲಮ್ಮ ಸಂಕ್ರಾಂತಿಗೆ ಎಳ್ಳು ಕಳಿಸಿದಳು, ಯುಗಾದಿಗೆ ಒಬ್ಬಟ್ಟು ಕಳಿಸಿದಳು. ಎರಡು ಸಲವೂ ತಟ್ಟೆ ತೊಳೆದು ವಾಪಸು ಬಂತು, ಬರಿದಾಗಿ. ಬಾವಿಕಟ್ಟೆಯಲ್ಲಿ ಎದುರಾದರೆ ಪುಟ್ಟಗೌರಮ್ಮ ಬಿಂದಿಗೆಯ ಕಡೆ ನೋಡುತ್ತಿದ್ದಳು. ಹತ್ತು ತಿಂಗಳಲ್ಲಿ ಶಿವಮಲ್ಲಮ್ಮ ಸಣ್ಣಗಾದಳು. ಬೈಯುವುದರಲ್ಲೂ ರುಚಿ ಕಡಿಮೆಯಾಯಿತು. ಕೋಳಿ ರಾಗಿಗೆ ಬಾಯಿ ಹಾಕಿದರೆ ಸುಮ್ಮನೆ "ಉಶ್" ಎಂದಳೆಂದು ಚಿಕ್ಕಬಸಪ್ಪ ಭಯಪಟ್ಟು ಮಗನಿಗೆ ಹೇಳಿದ.

ಈ ಸಲದ ಚೌತಿಗೆ ಮೂರು ದಿನ ಇರುವಾಗ ಅವಳು ತಾಳವಾಡಿಗೆ ಹೋಗಿ ಔಷಧಿ ಅಂಗಡಿಯ ಮುಂದೆ ನಿಂತಳು. ಮಂಗಳಗೌರಿ ತನ್ನ ಅಜ್ಜಿಯ ಕೋಪವನ್ನು ಅಂಗಡಿಯವರೆಗೆ ತಂದವಳಲ್ಲ.

"ಅಜ್ಜಿ, ಮೊಣಕಾಲು ಮಾತ್ರೆನಾ?"

"ಅಲ್ಲ ಕಣ್ ಕೋತಿ. ಓದ್ ವರ್ಸ ಚಂದ್ರನ್ನ ನೋಡ್ಬುಟ್ಟಿದ್ದೆ. ವರ್ಸ ಕಳೆದ್ ಮ್ಯಾಲೆ ಔಸ್ತಿ ತಕ್ಕಂಡ್ರೆ ಕೆಲ್ಸ ಮಾಡ್ತದಾ?"

ಮಂಗಳಗೌರಿ ಗಂಭೀರವಾಗಿ ಯೋಚಿಸಿದಳು. "ಹಳೇ ಕಾಯಿಲೆ. ಡೋಸ್ ಜಾಸ್ತಿ ಬೇಕಾಗ್ತದೆ ಅಜ್ಜಿ. ಯಾರ ಕೈಲಿ ತಗೊಳ್ಳೋದು?"

"ನಿಮ್ಮಜ್ಜಿ ಕೈಲಿ."

"ಅಯ್ಯೋ, ಅಲ್ಲಿ ಸ್ಟಾಕೇ ಇಲ್ವಲ್ಲ!"

ಇಲ್ಲ ಎಂಬುದು ಶಿವಮಲ್ಲಮ್ಮನಿಗೂ ಗೊತ್ತಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಬರೀ ಔಷಧಿಯಲ್ಲ. ಮಾತು ಬಿಟ್ಟವರ ಬಾಯಿ ತೆರೆಸಲು ವರ್ಷಕ್ಕೆ ಒಂದೇ ಸಂಜೆ ಇತ್ತು. ಕಲ್ಲೆಸೆದವರು ಯಾರೆಂದು ಗೊತ್ತಿಲ್ಲದೆ ಪುಟ್ಟಗೌರಮ್ಮ ಬೈದರೆ, ಆ ಬೈಗುಳವಾದರೂ ತನ್ನ ಪಾಲಿಗೆ ಬರುತ್ತದೆ. ಒಂದು ಮಾತು. ಅಷ್ಟು ಸಾಕು ಎಂದುಕೊಂಡಳು.

ಚೌತಿಯ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ, ಅರವತ್ತೆಂಟು ವರ್ಷದ ಶಿವಮಲ್ಲಮ್ಮ ಮಡಿಲಲ್ಲಿ ಒಂಬತ್ತು ಕಲ್ಲು ಕಟ್ಟಿಕೊಂಡು, ಸೆರಗು ಹೊದ್ದು, ಹುಲ್ಲಿನ ಮೆದೆಯ ಹಿಂದೆ ಕೂತಳು. ಒಂದು ತೊಂದರೆ ಇತ್ತು. ಪುಟ್ಟಗೌರಮ್ಮನ ಮನೆ ಪಡುವಲಿಗಿತ್ತು, ಚಂದ್ರನೂ ಅಲ್ಲೇ. ಸೂರಿಗೆ ಗುರಿಯಿಟ್ಟರೆ ಚಂದ್ರನನ್ನು ನೋಡಿದಂತೆ. ಆದ್ದರಿಂದ ಅವಳು ನೆಲ ನೋಡುತ್ತಾ ಎಸೆದಳು. ಮೊದಲ ಕಲ್ಲು ನೀರಿನ ಡ್ರಮ್ಮಿಗೆ ಬಡಿಯಿತು. ಎರಡನೆಯದು ಎಲ್ಲಿ ಹೋಯಿತೋ, ಒಂದು ನಾಯಿ ಕುಂಯ್‌ಗುಟ್ಟಿತು. ಮೂರನೆಯದು ಹೆಂಚಿಗೆ ಟಕ್ಕೆಂದು ತಾಗಿತು.

ಬಾಗಿಲು ತೆರೆಯಿತು. ಪುಟ್ಟಗೌರಮ್ಮ ಫೋನಿನ ಟಾರ್ಚು ಹಿಡಿದು ಹೊರಗೆ ಬಂದು ಕತ್ತಲಿಗೆ ಹೇಳಿದಳು:

"ಮನೆ ತಪ್ಪಿದಿರಿ ಕಣಪ್ಪ. ಬೈಯೋ ಮನೆ ಪಕ್ಕದ್ದು."

ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಶಿವಮಲ್ಲಮ್ಮನ ಸ್ವಂತ ಸೂರಿನ ಮೇಲೆ ಕಲ್ಲು ಬೀಳತೊಡಗಿದ್ದವು. ಬೈಯಲು ಯಾರೂ ಬರಲಿಲ್ಲ. ಇನ್ನೂ ಬಿದ್ದವು. ಕೊನೆಗೆ ಚಿಕ್ಕಬಸಪ್ಪ ಜಗಲಿಗೆ ಬಂದು, ಏನಾದರೂ ಅನ್ನಬೇಕಲ್ಲ ಎಂದು, "ಯಾರಪ್ಪ ಅದು? ಊಟ ಆಯ್ತಾ?" ಎಂದ.

"ನೀನಲ್ಲ ಕಣಜ್ಜ! ಅಜ್ಜಿ ಕರಿ!" ಎಂದು ಬೇಲಿಯಾಚೆಯಿಂದ ಯಾರೋ ನಿಯಮ ಮರೆತು ಗೋಗರೆದರು.

"ಅವಳು ಇಲ್ವಲ್ಲಪ್ಪ."

"ಚಂದ್ರ ಮುಳುಗ್ತಾ ಅವ್ನೆ! ನಮ್ಮ ಗತಿ?"

ಶಿವಮಲ್ಲಮ್ಮ ಅತ್ತ ಗಮನ ಕೊಡಲಿಲ್ಲ. ಕೈಗೆ ಸಿಕ್ಕ ನಾಲ್ಕನೆಯ ಕಲ್ಲು ನಿಂಬೆಹಣ್ಣಿಗಿಂತ ಸ್ಪಷ್ಟವಾಗಿ ದೊಡ್ಡದಿತ್ತು. ಅವಳು ಅದನ್ನೂ, ಅದರ ಹಿಂದೆಯೇ ಐದನೆಯದನ್ನೂ ಎಸೆದಳು. ಹೆಂಚು ಒಡೆದು ಚೂರು ಜಗಲಿಗೆ ಉದುರಿತು.

ಈ ಸಲ ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಎದೆಯ ತುಂಬ ಉಸಿರು ಎಳೆದುಕೊಂಡಳು. ಮೆದೆಯ ಹಿಂದೆ ಶಿವಮಲ್ಲಮ್ಮ ಕಣ್ಣು ಮುಚ್ಚಿ ಕೈ ಮುಗಿದಳು.

"ಯಾರದು? ನಿಮಗೆ... ನಿಮಗೆ ಒಳ್ಳೇದಾಗ್ದೆ ಓಗ್ಲಿ. ಸ್ವಲ್ಪ ದಿನ. ಆ ಕೈಗೆ... ಕೈಗೆ ನೋವು ಬರ್ಲಿ. ಎಣ್ಣೆ ಅಚ್ಚಿದ್ರೆ ವಾಸಿಯಾಗ್ಲಿ."

ಅರ್ಧ ಶತಮಾನದ ಅನುಭವ ಉಳ್ಳವರಿಗೆ ಸಹಿಸಲಾಗದ ಕೆಲವು ವಿಷಯಗಳಿರುತ್ತವೆ. ಶಿವಮಲ್ಲಮ್ಮ ಹಲ್ಲು ಕಚ್ಚಿದಳು. ಆಗಲಿಲ್ಲ.

"ವಾಸಿಯಾಗ್ಲಿ ಅಂದ್ಬುಟ್ಟು ಯಾವಳಮ್ಮಿ ಬೈತಾಳೆ!"

ಟಾರ್ಚಿನ ಬೆಳಕು ಮೆದೆಯ ಮೇಲೆ ಬಂದು ನಿಂತಿತು.

"ಶಿವಮಲ್ಲಿ," ಎಂದಳು ಪುಟ್ಟಗೌರಮ್ಮ.

ಹೆಸರು ಬಂತು. ಔಷಧಿ ಅಲ್ಲಿಗೆ ಕೆಟ್ಟಿತು. ಶಿವಮಲ್ಲಮ್ಮ ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು. ಮಡಿಲಲ್ಲಿ ಉಳಿದಿದ್ದ ನಾಲ್ಕು ಕಲ್ಲು ಒಂದೊಂದಾಗಿ ಕೆಳಗೆ ಬಿದ್ದವು.

"ನನ್ ಮನೆ ಮುರ್ದೆ, ಈಗ ಎಂಚೂ ಮುರಿಯಾಕೆ ಬಂದಾ?" ಎಂದಳು ಪುಟ್ಟಗೌರಮ್ಮ. "ಒಟ್ಟೆಕಿಚ್ಚು ಅಂತ ಊರೆಲ್ಲ ಅಂತು. ನಾ ನಂಬ್ನಿಲ್ಲ ಕಣೆ. ಒಂದಿನಾನೂ ನಂಬ್ನಿಲ್ಲ. ಆದ್ರೆ ಅವ್ರು ಕೊಯಮತ್ತೂರೋರು ಅಂತ ನಿಂಗೊತ್ತಿರ್ಲಿಲ್ವಾ? ನಮ್ ಮಾತು ಅವ್ರಿಗೆ ತಿಳೀತದಾ? ಐವತ್ ವರ್ಸದಿಂದ ಬಾಯಿ ಆಡುಸ್ತಿದೀಯಲ್ಲ, ಒಂದಿನ, ಒಂದೇ ಒಂದಿನ, ನೆಟ್ಗೆ ಇಟ್ಕಳಾಕೆ ಆಗ್ನಿಲ್ವಾ? ಆ ಎಣ್ಣು ಸೀರೆ ಉಟ್ಕಂಡು, ಊವ ಮುಡ್ಕಂಡು, ಸಂಜೆ ಗಂಟ ಒಳಗೇ ಕೂತಿತ್ತು. ಯಾಕಜ್ಜಿ ಬರ್ನಿಲ್ಲ ಅಂತ ಕೇಳ್ತು. ನಾ ಏನ್ ಯೋಳ್ಲಿ? ಅದಾದ್ ಮ್ಯಾಲೆ ನೀ ಬಂದಾ? ತಪ್ಪಾಯ್ತು ಅಂದಾ? ಎಳ್ಳು ಕಳಿಸ್ದೆ! ಒಬ್ಬಟ್ಟು ಕಳಿಸ್ದೆ! ನಂಗೇನು ಒಬ್ಬಟ್ಟು ಕಾಣ್ದೆ ಓಗಿತ್ತಾ?"

ಬೇಲಿಯಾಚೆ ಔಷಧಿಗೆ ಕಾಯುತ್ತಿದ್ದವರು ಬೇಲಿಗೆ ಒತ್ತಿ ನಿಂತು ಕೇಳುತ್ತಿದ್ದರು. ಶಿವಮಲ್ಲಮ್ಮ ಬಾಯಿ ತೆರೆದಳು. ಒಳಗೆ ಇದ್ದದ್ದು ಐವತ್ತು ವರ್ಷದ ಬೈಗುಳ ಮಾತ್ರ. ಈ ಹೊತ್ತಿಗೆ ಬೇಕಾದ ಮಾತು ಅದರಲ್ಲಿ ಇರಲಿಲ್ಲ. ಬಾಯಿ ಮುಚ್ಚಿದಳು. ಮತ್ತೆ ತೆರೆದಳು.

"ತಪ್ಪಾಯ್ತು ಕಣಮ್ಮಿ. ಆ ಎಣ್ಣು ಚಿನ್ನ."

ಬೀದಿಯಲ್ಲಿ ಯಾರೋ "ಅಯ್ಯಪ್ಪಾ" ಎಂದರು.

"ಏಯ್! ಏನಂತಿದೀಯೆ?" ಪುಟ್ಟಗೌರಮ್ಮ ಬೆಚ್ಚಿದಳು.

"ಚಿನ್ನ ಅಂತಾವ್ನಿ. ಆ ಕೊಯಮತ್ತೂರೋರಿಗೆ ಯೋಳ್ಬೇಕಾಗಿದ್ದದ್ದು ಇದು. ಈ ಬೆಟ್ಟದ ಮ್ಯಾಲೆ ಅವಳಂಥೋಳು ಇನ್ನೊಬ್ಳಿಲ್ಲ. ಮೊಕ ನೋಡುದ್ರೆ ಲಕ್ಸ್ಮಿ. ಕೆಲ್ಸದಲ್ಲಿ ಇರುವೆ. ನನ್ ಮೊಣಕಾಲಿಗೆ ಮಾತ್ರೆ ಕೊಟ್ಬುಟ್ಟು, ಉಂಡಾದ್ಮ್ಯಾಲೆ ನುಂಗಜ್ಜಿ ಅಂತ ಎರಡು ಸಲ ಫೋನ್ ಮಾಡ್ತಾಳೆ."

"ಮುಚ್ಚೇ ಬಾಯ! ದೃಷ್ಟಿ ಆಯ್ತದೆ! ಹಬ್ಬದ ದಿನ, ಮುಚ್ಚಂಜೆಲಿ!"

"ನೀ ಮಾತಾಡೋ ಗಂಟ ಒಗಳ್ತೀನಿ. ಅವಳ ಕಣ್ಣು ನೋಡು, ನೇರಳೆ ಅಣ್ಣು! ಅವಳ ಜಡೆ ನೋಡು..."

ಪುಟ್ಟಗೌರಮ್ಮ ಜಗಲಿ ಇಳಿದು ಓಡಿ ಬಂದು ಶಿವಮಲ್ಲಮ್ಮನ ಬಾಯಿಗೆ ಕೈ ಅಡ್ಡ ಹಿಡಿದಳು. "ಮಾತಾಡ್ತಾವ್ನಿ ಕಣೇ ಮುಂಡೇದೆ! ಇನ್ನೇನು ಮಾಡ್ತಾವ್ನಿ ಅಂದ್ಕಂಡಿದೀಯ? ಅತ್ತು ತಿಂಗ್ಳಾಯ್ತು, ಅತ್ತು ತಿಂಗ್ಳು! ನಂಗೇನು ಕಲ್ಲಿನ ಎದೆನಾ? ಬಾವಿಕಟ್ಟೇಲಿ ನಿನ್ ಬಿಂದಿಗೆ ಕಂಡ್ರೆ ನಂಗೆ ನೀರು ಸೇದಾಕಾಗ್ತಿರ್ನಿಲ್ಲ!"

ಕೈಯ ಹಿಂದಿನಿಂದ ಶಿವಮಲ್ಲಮ್ಮ ಏನೋ ಅಂದಳು. ಅದು ಬೈಗುಳವೋ ಹೊಗಳಿಕೆಯೋ ಯಾರಿಗೂ ತಿಳಿಯಲಿಲ್ಲ. ಇಬ್ಬರೂ ಅಳುತ್ತಿದ್ದರು.

ಅಳು ಮುಗಿಯುವ ಮೊದಲೇ ಪುಟ್ಟಗೌರಮ್ಮನಿಗೆ ದೃಷ್ಟಿಯ ಭಯ ಮತ್ತೆ ಹತ್ತಿತು. ಅಷ್ಟೊಂದು ಹೊಗಳಿಕೆ, ಅದೂ ಇಡೀ ಬೀದಿಯ ಎದುರಿಗೆ. ಕೂಡಲೇ ಮಂಗಳಗೌರಿಯನ್ನು ಕೂಗಿ ಜಗಲಿಯ ಮೇಲೆ ನಿಲ್ಲಿಸಿದಳು. ಹುಡುಗಿ ಊಟದ ತಟ್ಟೆ ಹಿಡಿದೇ ಬಂದಳು.

"ಬೈಯೇ ಇವಳ್ನ. ಬಿರ್ರನೆ. ಒಗಳಿದ್ದೆಲ್ಲ ಇಳೀಬೇಕು."

ಶಿವಮಲ್ಲಮ್ಮ ಗಂಟಲು ಸರಿ ಮಾಡಿಕೊಂಡು, "ಕೋ..." ಎಂದಳು. ಗಾಳಿ ಮಾತ್ರ ಬಂತು. ಗಂಟಲು ಪೂರಾ ಕಟ್ಟಿತ್ತು. ಮತ್ತೊಮ್ಮೆ ಪ್ರಯತ್ನಿಸಿದಳು, ಅದೂ ಗಾಳಿಯೇ. ಕೈಯಾಡಿಸಿ, ನೀನೇ ಬೈ ಎಂದು ಪುಟ್ಟಗೌರಮ್ಮನಿಗೆ ಸನ್ನೆ ಮಾಡಿದಳು.

ಬೇಲಿಯಾಚೆ ಕಾಯುತ್ತಿದ್ದವರು ಐದು ಜನ. ಚಂದ್ರ ಎಂಟೂವರೆಗೆ ಬೆಟ್ಟದ ಹಿಂದೆ ಇಳಿದ. ಅವರು ಔಷಧಿಯಿಲ್ಲದೆ ಮನೆಗೆ ಹೋದರು. ಅವರಲ್ಲಿ ಒಬ್ಬನ ಮೇಲೆ ಮುಂದಿನ ವಾರ ಪಕ್ಕದ ಮನೆಯ ಹುಂಜ ಕದ್ದ ಆರೋಪ ಬಂತು, ಮೂರನೆಯ ದಿನ ಹುಂಜ ತಾನಾಗಿಯೇ ಮನೆಗೆ ಬಂತು. ಉಳಿದ ನಾಲ್ವರಿಗೆ ಏನೂ ಆಗಲಿಲ್ಲ. ಐದು ಜನರಲ್ಲಿ ಒಬ್ಬನನ್ನು ಇಟ್ಟುಕೊಂಡು ಶಾಪ ನಿಜವೆಂದು ಸಾಧಿಸಲಾಗದು. ಊರು ಮಾತ್ರ ಸಾಧಿಸಿತು.

ಜಗಲಿಯ ಮೇಲೆ ಪುಟ್ಟಗೌರಮ್ಮ ಮೊಮ್ಮಗಳ ಎದುರು ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಶಿವಮಲ್ಲಮ್ಮ ಅವಳ ಕಿವಿಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು.

"ನೀನು... ನೀನು ಸ್ವಲ್ಪ ಕೋತಿ ಇದ್ದಂಗಿದೀಯ," ಎಂದಳು ಪುಟ್ಟಗೌರಮ್ಮ.

ಶಿವಮಲ್ಲಮ್ಮ ಅವಳ ತೋಳು ಚಿವುಟಿದಳು.

"ಆಯ್ತು, ಪೂರ್ತಿ ಕೋತಿ."

"ಆಮೇಲಜ್ಜಿ?" ಎಂದಳು ಮಂಗಳಗೌರಿ, ಕಡುಬು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ.

ಮತ್ತೆ ಪಿಸುಗುಟ್ಟುವಿಕೆ. ಈ ಸಲ ಉದ್ದವಾಗಿತ್ತು. ಕೇಳುತ್ತಾ ಕೇಳುತ್ತಾ ಪುಟ್ಟಗೌರಮ್ಮನ ಕಣ್ಣು ಅಗಲವಾದವು.

"ಅದ್ನ ನಾ ಅನ್ನಲ್ಲ ಓಗಮ್ಮಿ," ಎಂದಳು. "ಅದು ತೀರಾ ಜಾಸ್ತಿ."